ಡಾಕ್ಟರಮ್ಮ ಕೇಳಿದ್ದರು

ಡಾಕ್ಟರಮ್ಮ ಕೇಳಿದ್ದರು. ಅವರು ಏನನ್ನೂ ಕೇಳಲಿಲ್ಲ, ದೊಡ್ಡಮ್ಮನನ್ನು ಸರಿಯಾಗಿ ನೋಡಲೂ ಇಲ್ಲ ಎಂದು ಮೇಲೂರಿನ ನಮ್ಮ ಬೀದಿಗೆಲ್ಲ ಹೇಳಿದವಳು ನಾನು. ಅದು ಸುಳ್ಳು.

ಎರಡು ವರ್ಷದ ಹಿಂದೆ ದೊಡ್ಡಮ್ಮ, ನಮ್ಮಮ್ಮನ ಅಕ್ಕ, "ಸೊಂಟ ನೋವು ಕಣೇ, ಚಿಂತಾಮಣೀಲಿ ಹೆಂಗಸ್ರ ಡಾಕ್ಟ್ರಿದಾರಂತಲ್ಲ, ಕರ್ಕೊಂಡೋಗ್ತೀಯಾ?" ಎಂದಳು. ಸೊಂಟ ನೋವಿಗೆ ಹೆಂಗಸರ ಡಾಕ್ಟರು ಯಾಕೆ? ಲೋಕವನ್ನೆಲ್ಲ ಅನುಮಾನಿಸುವ ನನಗೆ ಆ ಒಂದು ಅನುಮಾನ ಬರಲಿಲ್ಲ. ಬಂದ ಅನುಮಾನವೆಲ್ಲ ಡಾಕ್ಟರ ಮೇಲೆ. ನಮ್ಮ ಬೀದಿಯಲ್ಲೇ ಒಬ್ಬಾಕೆಗೆ ಎಲ್ಲೋ ಹೆದರಿಸಿ ಗರ್ಭಕೋಶ ತೆಗೆಸಿದ್ದರು — ಬೇಕಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಆ ಕೋಪ ಸುಳ್ಳಲ್ಲ. ಆದರೆ ಅದನ್ನು ತಪ್ಪು ಬಾಗಿಲಿಗೆ ಹೊತ್ತುಕೊಂಡು ಹೋದೆ.

"ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮ? ಆಮೇಲೆ ಯಾವತ್ತಾದ್ರೂ ರಕ್ತ ಕಾಣಿಸ್ತಾ?" ಡಾಕ್ಟರಮ್ಮ ದೊಡ್ಡಮ್ಮನನ್ನು ಕೇಳಿದರು.

"ಇಲ್ಲ," ಎಂದೆ ನಾನು.

"ನಿಮ್ಮನ್ನ ಕೇಳ್ಲಿಲ್ಲ." ಡಾಕ್ಟರಮ್ಮ ನಕ್ಕರು. "ನೀವು ಒಂದೈದು ನಿಮಿಷ ಹೊರಗಿರ್ತೀರಾ? ನರ್ಸ್ ಇರ್ತಾರೆ ಇಲ್ಲಿ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ವಿದ್ಯೆ ಒಂದೇ — ಪ್ರಶ್ನೆಗೆ ಉತ್ತರ ಕೊಡಬೇಡ, ಕೇಳಿದವರ ಉದ್ದೇಶವನ್ನೇ ಎಳೆದು ಬೀದಿಗೆ ಹಾಕು.

"ಯಾಕೆ ಮೇಡಂ? ನನ್ ಮುಂದೆ ಕೇಳಕ್ಕಾಗ್ದೇ ಇರೋದು ಏನಿದೆ? ಒಬ್ಬರೇ ಇದ್ರೆ ಹೆದ್ರಿಸೋದು ಸುಲಭ ಅಂತಾನಾ?"

ಅವರು ದೊಡ್ಡಮ್ಮನ ಕಡೆ ತಿರುಗಿದರು. "ನೀವೇ ಹೇಳಮ್ಮ. ಇವರು ಇರ್ಲಾ, ಹೋಗ್ಲಾ?"

ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇರ್ಲಿ ಬಿಡಿ... ಅಂಥಾದ್ದೇನಿಲ್ಲ."

ಒಳಪರೀಕ್ಷೆ ಮಾಡುತ್ತೇನೆ, ನೀವು ಒಪ್ಪಿದರೆ ಮಾತ್ರ ಎಂದರು ಡಾಕ್ಟರಮ್ಮ. ಬೇಡವೆಂದರೆ ಒಂದು ಸ್ಕ್ಯಾನಾದರೂ ಮಾಡಿಸಿ ಎಂದರು. "ಸ್ಕ್ಯಾನ್ ಸೆಂಟರೂ ನಿಮ್ದೇನಾ?" ಎಂದು ಕೇಳಿ ನಾನು ಎದ್ದೆ. ನಾನು ಎದ್ದದ್ದಕ್ಕೆ ದೊಡ್ಡಮ್ಮನೂ ಎದ್ದಳು.

ಬಸ್ಸಿನಲ್ಲಿ ನನಗೆ ಗೆದ್ದ ಖುಷಿ. "ಹೆಂಗ್ ಬಾಯ್ ಮುಚ್ಚಿಸ್ದೆ ನೋಡ್ದ್ಯಾ?"

"ನಿನ್ ಬಾಯಿಗೆ ಯಾರು ನಿಲ್ತಾರಮ್ಮ," ಎಂದು ಅವಳು ಕಿಟಕಿಯಾಚೆ ನೋಡಿದಳು. ಹೊಗಳಿಕೆ ಎಂದುಕೊಂಡೆ.

ಇನ್ನೂ ಹೇಳಲಾಗದ್ದು ಒಂದಿದೆ. ಆ ತಿಂಗಳುಗಳಲ್ಲಿ ದೊಡ್ಡಮ್ಮ ಆಗಾಗ ದೇವರಮನೆಗೆ ಹೋಗುವುದನ್ನೇ ಬಿಡುತ್ತಿದ್ದಳು. ದೀಪ ಹಚ್ಚೆಂದು ಸೊಸೆಗೆ ಹೇಳಿ ತಾನು ಹಿತ್ತಲಲ್ಲಿ ಕೂತಿರುತ್ತಿದ್ದಳು. ದೇವರಿಲ್ಲ ಎಂದು ಅವಳೊಡನೆ ವರ್ಷಗಟ್ಟಲೆ ವಾದಿಸಿದ್ದ ನಾನು, ಅಂತೂ ದೊಡ್ಡಮ್ಮ ನನ್ನ ದಾರಿಗೆ ಬಂದಳು ಎಂದು ಗೆಳತಿಯರ ಮುಂದೆ ಕೊಚ್ಚಿಕೊಂಡೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿ, ಮೈಲಿಗೆ ಎಂದು ಹಿಂದೆ ಸರಿಯುತ್ತಿದ್ದಳು ಅವಳು ಎಂದು ಆಮೇಲೆ ಗೊತ್ತಾಯಿತು. ಕಣ್ಣೆದುರಿಗೇ ನಡೆದದ್ದು — ನಾನು ಅದನ್ನೂ ನನ್ನ ಗೆಲುವಿನ ಲೆಕ್ಕಕ್ಕೆ ಸೇರಿಸಿಕೊಂಡೆ.

ಮುಂದಿನ ವರ್ಷ ಬೆಂಗಳೂರಿನಲ್ಲಿ ಗರ್ಭಕೋಶದ ಕ್ಯಾನ್ಸರ್ ಎಂದರು. ಹರಡಿದೆ, ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು. "ಚಿಂತಾಮಣಿ ಡಾಕ್ಟ್ರು ಏನ್ ನೋಡಿದ್ರು ಹಂಗಾದ್ರೆ?" ಎಂದು ದೊಡ್ಡಮ್ಮನ ಮಗ ನನ್ನನ್ನು ಕೇಳಿದ. "ಏನೂ ಕೇಳ್ಲೇ ಇಲ್ಲ ಅಣ್ಣ," ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಮಂಚದ ಮೇಲಿದ್ದ ದೊಡ್ಡಮ್ಮ ನನ್ನನ್ನು ನೋಡಿದಳು. ಮಾತ್ರೆ, ಸುಸ್ತು, ಉದುರಿದ ಕೂದಲು — ಇವುಗಳ ನಡುವೆ ಅವಳು ಇವತ್ತಿಗೂ ನನ್ನ ಸುಳ್ಳಿನ ಬಗ್ಗೆ ಬಾಯಿ ಬಿಟ್ಟಿಲ್ಲ. ನನ್ನ ಮಾತು ಮಾತ್ರ ಬೀದಿಯ ಮಾತಾಯಿತು.

ಹೋದ ವಾರ ಪಕ್ಕದ ಮನೆಯ ಸರೋಜಕ್ಕ ಗುಟ್ಟಾಗಿ ಹೇಳಿದರು — ಮುಟ್ಟು ನಿಂತು ನಾಲ್ಕು ವರ್ಷ, ಈಗ ಮತ್ತೆ ಕಲೆ ಕಾಣಿಸುತ್ತಿದೆಯಂತೆ. ಚಿಂತಾಮಣಿಗೆ ಹೋಗಿ ಎಂದೆ.

"ಆಯಮ್ಮನತ್ರಾನಾ? ಆಯಮ್ಮ ಏನೂ ನೋಡಲ್ಲ ಅಂತ ನೀನೇ ಅಂದ್ಯಲ್ಲೇ?"

ಆಗ ಹೇಳಿಬಿಟ್ಟೆ, ನನ್ನ ಸುಳ್ಳನ್ನೂ ಸೇರಿಸಿ ಎಲ್ಲವನ್ನೂ. ಡಾಕ್ಟರಮ್ಮ ಮುಟ್ಟಿನ ಬಗ್ಗೆ, ಹೆರಿಗೆಗಳ ಬಗ್ಗೆ ಕೇಳುತ್ತಾರೆ, ನಾಚಿಕೆ ಪಡದೆ ಹೇಳಿ. ಒಳಪರೀಕ್ಷೆಗೆ ಮುಂಚೆ ಒಪ್ಪಿಗೆ ಕೇಳುತ್ತಾರೆ, ನೋವಾದರೆ ನಿಲ್ಲಿಸಿ ಎನ್ನಬಹುದು. ಸ್ಕ್ಯಾನ್ ಯಾಕೆ ಎಂದು ಧಾರಾಳವಾಗಿ ಕೇಳಿ, ಆದರೆ ಉತ್ತರ ಕೇಳಿಸಿಕೊಳ್ಳಿ. ನಾನು ಕೇಳಿಸಿಕೊಳ್ಳಲಿಲ್ಲ. ಬೇಕಾದರೆ ನಾನೇ ಜೊತೆಗೆ ಬರುತ್ತೇನೆ — ಎಂದೂ ಅಂದೆ.

ಸರೋಜಕ್ಕ ನನ್ನ ಮುಖವನ್ನೇ ನೋಡಿದರು. ನಾನು ಜನರನ್ನು ನೋಡುತ್ತಿದ್ದೆನಲ್ಲ, ಹಾಗೆ — ಇವಳು ಈಗ ಹೇಳುತ್ತಿರುವುದಾದರೂ ನಿಜವೇ ಎಂದು.

"ಹೋಗ್ತೀನಿ," ಎಂದರು ಕೊನೆಗೆ. "ನೀನು ಮಾತ್ರ ಬರ್ಬೇಡ ಕಣಮ್ಮ."