ಹಿಮದ ಹಾದಿಯಲ್ಲಿ ಭೇರಿ ಸಾಗಿಸುವ ಐಲಿ

ಬೆಳಕು ಹರಿಯುವ ಮುನ್ನವೇ ಡುಲುತ್ ಪಟ್ಟಣದ ಸಭಾಂಗಣದ ಹಿಂಬಾಗಿಲಲ್ಲಿ ಐಲಿ ಹೌಟಲಾ ಅವರ ದನಿ ಜೋರಾಗಿದೆ. "ಮೆಲ್ಲಗೆ, ಮೆಲ್ಲಗೆ! ಅದು ಭೇರಿ ಕಣ್ರೋ, ಆಲೂಗಡ್ಡೆ ಮೂಟೆ ಅಲ್ಲ!" ಕಂಬಳಿ ಸುತ್ತಿದ ತಾಮ್ರದ ಭೇರಿಗಳು, ಪಿಟೀಲಿನಂಥ ಆಳೆತ್ತರದ ಡಬಲ್ ಬೇಸ್‌ಗಳು ಒಂದೊಂದಾಗಿ ಲಾರಿ ಏರುತ್ತವೆ. ಪಟ್ಟಣದ ಅಂಚಿನ ಸರೋವರದ ಗಾಳಿ ಕಿವಿ ಕಿತ್ತುಕೊಂಡು ಹೋಗುವಂತಿದೆ.

ಈ ಸೀಮೆಯ ಸಿಂಫನಿ ವಾದ್ಯವೃಂದಕ್ಕೆ ಐಲಿ ಲಾರಿ ಓಡಿಸತೊಡಗಿ ಇಪ್ಪತ್ತು ವರ್ಷ ದಾಟಿದೆ. ಅದಕ್ಕೂ ಮೊದಲು ಕಬ್ಬಿಣದ ಗಣಿಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದರು. ಗಣಿ ಮುಚ್ಚಿದಾಗ ಅವರು ಇಬ್ಬರು ಹೆಣ್ಣುಮಕ್ಕಳ ಒಬ್ಬಂಟಿ ತಾಯಿ. ಸಿಕ್ಕಿದ್ದು ಈ ಕೆಲಸ. "ಅದಿರಾದ್ರೆ ಸುರಿದು ಬಂದುಬಿಡ್ತಿದ್ದೆ. ಇದನ್ನ ಹಸುಗೂಸಿನ ಥರ ಇಳಿಸ್ಬೇಕು" ಎಂದು ನಗುತ್ತಾರೆ.

ಕಳೆದ ಫೆಬ್ರುವರಿಯ ಒಂದು ಭಾನುವಾರವನ್ನು ಮಾತ್ರ ಅವರು ಕೂತು ಹೇಳಲಾರರು, ಎದ್ದು ನಿಂತೇ ಹೇಳಬೇಕು. ಟಾಮರಾಕ್ ಎಂಬ ಗಣಿ ಊರಿನ ಶಾಲೆಯಲ್ಲಿ ಮಧ್ಯಾಹ್ನ ಸಂಗೀತ ಕಛೇರಿ. ಹಿಂದಿನ ವರ್ಷ ಹಿಮಗಾಳಿಗೆ ಅದು ನಿಂತುಹೋಗಿತ್ತು. ಈ ಸಲ ವಾದಕರ ಬಸ್ಸು ಮೊದಲೇ ತಲುಪಿತ್ತು. ಹಿಂದೆ ಬರುತ್ತಿದ್ದ ಐಲಿಯ ಲಾರಿಗೆ ಊರ ಹೊರಗೆ ಜಿಂಕೆ ಅಡ್ಡ ಬಂತು. ಲಾರಿ ಜಾರಿ ಹಳ್ಳಕ್ಕಿಳಿಯಿತು.

"ನನಗೇನಾಯ್ತು ಅಂತ ನೋಡ್ಕೊಳ್ಳಲೇ ಇಲ್ಲ. ಓಡಿ ಹಿಂಬಾಗಿಲು ತೆಗೆದೆ. ಒಂದು ತಂತಿನೂ ಹರಿದಿರಲಿಲ್ಲ! ಲಾರಿ ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ."

ಲಾರಿಯನ್ನು ಮೇಲಕ್ಕೆಳೆಯುವ ಗಾಡಿ ಬರಲು ಸಂಜೆಯಾಗುತ್ತದಂತೆ. ಐಲಿ ಫೋನಿನಲ್ಲಿ ಹೇಳಿದ ಸುದ್ದಿ ಕೇಳಿ, ಶಾಲೆಯಲ್ಲಿದ್ದ ಸಂಗೀತ ನಿರ್ದೇಶಕರು ಕಛೇರಿ ರದ್ದು ಮಾಡೋಣವೆಂದರು. ಅಲ್ಲೇ ಕುರ್ಚಿ ಜೋಡಿಸುತ್ತಿದ್ದ ನಿವೃತ್ತ ಗಣಿಕಾರ್ಮಿಕ ಟೋನಿ ಜುಪಾನ್ ಫೋನು ಕಸಿದುಕೊಂಡ. "ರದ್ದಾ? ಹೋದ್ಸಲಾನೂ ಕುರ್ಚಿ ಹಾಕಿದ್ದು, ಎತ್ತಿದ್ದು, ಅಷ್ಟೇ ಆಯ್ತು. ಐಲಿ, ಅಲ್ಲೇ ಇರು ತಾಯಿ, ಬಂದ್ವಿ!"

ಬಂದೇ ಬಂದರು! ಪಿಕಪ್ ಗಾಡಿಗಳ ಸಾಲು, ಅವುಗಳ ಹಿಂದೆ, ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹೋಗುವಾಗ ಒಯ್ಯುವ ಜಾರುವ ಹಿಮಬಂಡಿಗಳು. ತಮ್ಮ ಹಾಸಿಗೆಯ ಹೊದಿಕೆಗಳನ್ನೇ ತಂದು ವಾದ್ಯಗಳಿಗೆ ಸುತ್ತಿದರು. ಐಲಿ ರಸ್ತೆ ನಡುವೆ ನಿಂತು ದಂಡನಾಯಕಿಯಾದರು. "ಟೋನಿ, ಅದರ ಮೇಲೆ ಕೂತ್ಯೋ, ನಿನ್ನ ಚರ್ಮಾನೇ ಸುಲಿದು ಭೇರಿಗೆ ಹೊದಿಸ್ತೀನಿ!"

"ಎಪ್ಪತ್ತು ವರ್ಷದ ಚರ್ಮ, ನಾದ ಬರಲ್ಲ ಬಿಡು!"

ಕಛೇರಿ ತಡವಾಗಿ ಶುರುವಾಯಿತು; ಒಬ್ಬರೂ ಎದ್ದು ಹೋಗಲಿಲ್ಲ. ಯಾರು ಯಾವ ವಾದ್ಯ ತಂದಿದ್ದರೋ ಅವರ ಕಣ್ಣು ಅದರ ಮೇಲೆಯೇ. ಭೇರಿ ಮೊಳಗಿದ್ದೇ ತಡ, ಟೋನಿ ಎದ್ದು ನಿಂತು ಕೂಗಿದ: "ಅದು ನಾವು ತಂದಿದ್ದು!" ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ವೃಂದ ನಡೆಸುತ್ತಿದ್ದ ನಿರ್ದೇಶಕರು ಕೈ ಆಡಿಸುತ್ತಲೇ ನಕ್ಕರು. ಪರದೆಯ ಹಿಂದೆ, ತೊಯ್ದ ಕಾಲುಚೀಲದಲ್ಲಿ ನಿಂತಿದ್ದ ಐಲಿ ನಗುತ್ತ ಕಣ್ಣೊರೆಸಿಕೊಂಡರು.

ಮುಂದಿನ ಸಲ ಲಾರಿಯೇ ಬೇಡ, ನಾವೇ ಬಂದು ಹೊತ್ತು ತರುತ್ತೇವೆ ಎಂದು ಆ ಊರು ಈಗ ಹಟ ಹಿಡಿದಿದೆ.

"ಬರ್ಲಿ, ಬೇಡ ಅನ್ನೋಕೆ ನಾನ್ಯಾರು?" ಎನ್ನುತ್ತ ಐಲಿ ಲಾರಿಯ ಬಾಗಿಲು ಎಳೆದು ಚಿಲಕ ಹಾಕುತ್ತಾರೆ. "ಪಿಟೀಲು ತಗೊಂಡು ಹೋಗ್ಲಿ, ಕಹಳೆ ತಗೊಂಡು ಹೋಗ್ಲಿ. ಭೇರಿ ಮಾತ್ರ ಯಾರಿಗೂ ಕೊಡಲ್ಲ."