ಗೋಡೆಗೆ ಗುದ್ದಿದರೆ ಖುಷಿ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಊಟದ ಮೇಜಿನ ಮೇಲೆ ಹಳೆಯ ಕಂಪ್ಯೂಟರ್ ಗೊರಗುಟ್ಟುತ್ತಿದೆ. ಅದರ ಮುಂದೆ ಲಿಫ್ಟ್ ರಿಪೇರಿಯವರೊಬ್ಬರು ಕಣ್ಣಿಗೆ ಟವೆಲ್ ಬಿಗಿದುಕೊಂಡು ಕಾರ್ ರೇಸ್ ಆಡುತ್ತಿದ್ದಾರೆ. ಹೆಡ್‌ಫೋನಿನ ಎಡಗಡೆ ಟಿಕ್ ಟಿಕ್ ಎಂದರೆ ಎಡ ತಿರುವು, ಬಲಗಡೆ ಎಂದರೆ ಬಲ. ಧಡಾರ್! "ಹೋಯ್ತು, ಗೋಡೆಗೆ!" ಎಂದು ಲಾಟರಿ ಹೊಡೆದವರಂತೆ ನಗುತ್ತಾರೆ.

ಆಟ ಬಹಳ ಹಳೆಯದು, ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿದೆ. ಚಿಕ್ಕಂದಿನಲ್ಲಿ ಇವರಿಗೆ ಅದನ್ನು ಕಲಿಸಿದ್ದು ಅಕ್ಕ. ಆಟದಲ್ಲಿ ಬೀದಿಯವರಿಗೆಲ್ಲ ನೀರು ಕುಡಿಸುತ್ತಿದ್ದ ಆ ಅಕ್ಕನಿಗೆ ಕೆಲವು ವರ್ಷದ ಹಿಂದೆ ಕಾಯಿಲೆಯಿಂದ ಕಣ್ಣು ಹೋಯಿತು. ಈಗ ತಮ್ಮನ ಮನೆಯಲ್ಲೇ ಇದ್ದಾರೆ. "ನನ್ನ ರೇಗಿಸದೆ ಅವಳಿಗೆ ಊಟ ಸೇರ್ತಿರ್ಲಿಲ್ಲ. ಅಂಥವಳು ಮಾತೇ ಬಿಟ್ಲು. ಅದನ್ನ ನೋಡಕ್ಕಾಗ್ಲಿಲ್ಲ ನಂಗೆ," ಎನ್ನುತ್ತಾರೆ.

ಆ ಸಂಕಟದಲ್ಲೇ ಹಳೆಯ ಆಟವನ್ನು ಬಿಚ್ಚಲು ಕೂತರು. "ಸದ್ದು ಕೇಳಿದ್ರೆ ಸಾಕು, ಲಿಫ್ಟಲ್ಲಿ ಯಾವ ಬೇರಿಂಗ್ ಹೋಗಿದೆ ಅಂತ ಹೇಳ್ತೀನಿ. ರಸ್ತೆನೂ ಹಂಗೇ ಯಾಕೆ ಕೇಳಿಸಬಾರ್ದು?" ಪ್ರೋಗ್ರಾಮ್ ಬರೆಯುವುದನ್ನು ಇಂಟರ್‌ನೆಟ್ಟಿನಲ್ಲಿ ಕಂಡಕಂಡವರನ್ನು ಕೇಳಿ ಕಲಿತರು. ಬೆಳಗಿನ ಒಂದು ಗಂಟೆ ಆಟಕ್ಕೆ, ಆಮೇಲೆ ದಿನಕ್ಕೆ ಏಳೆಂಟು ಕಟ್ಟಡಗಳ ಲಿಫ್ಟು. "ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರೆ. ಇವರಿಗೆ ಆದ್ಮೇಲೂ ಬಿಟ್ಟಿಲ್ಲ," ಎಂದು ಹೆಂಡತಿ ಟೀ ಲೋಟ ಇಟ್ಟು ಹೋಗುತ್ತಾರೆ.

ಎರಡು ವರ್ಷದ ಮೇಲೆ ಒಂದು ದಿನ ಕಣ್ಣು ಕಟ್ಟಿಕೊಂಡು ಎಲ್ಲೂ ತಾಗಿಸದೆ ರೇಸ್ ಮುಗಿಸಿದರು. ಕುಣಿಯುತ್ತ ಹೋಗಿ ಅಕ್ಕನನ್ನು ಕೂರಿಸಿದರೆ, ಅವರು ಮೊದಲ ತಿರುವಿನಲ್ಲೇ ಗುದ್ದಿದರು. ಎಷ್ಟು ಸಲ ಆಡಿದರೂ ಅದೇ ಗತಿ. "ಸದ್ದು ಬರೋ ಹೊತ್ತಿಗೆ ಗೋಡೆನೇ ಬಂದಿರುತ್ತಲ್ಲೋ! ಇನ್ನೊಂದ್ಸಲ ಇದನ್ನ ನನ್ನ ಹತ್ರ ತರಬೇಡ," ಎಂದು ಎದ್ದುಹೋದರು.

ಅವರು ಹೇಳಿದ್ದು ನಿಜವಾಗಿತ್ತು. ದಿನವೂ ಆಡಿ ಆಡಿ ತಮ್ಮನಿಗೆ ರಸ್ತೆ ಬಾಯಿಪಾಠವಾಗಿತ್ತು. ಟಿಕ್ ಎನ್ನುವ ಮೊದಲೇ ಕೈ ತಿರುಗುತ್ತಿತ್ತು. ಕಾರು ಓಡಿಸಿದ್ದು ಕಿವಿಯಲ್ಲ, ನೆನಪು. ಬಡಪಾಯಿ ಆ ದಿನ ಊಟ ಬಿಟ್ಟರಂತೆ.

ಈಗ ದಿನಾ ಬೆಳಿಗ್ಗೆ ಕಂಪ್ಯೂಟರೇ ತಿರುವುಗಳನ್ನು ಕಲಸಿ ಹೊಸ ರಸ್ತೆ ಹಾಕುತ್ತದೆ. ಅದು ಇವರಿಗೂ ಗೊತ್ತಿರುವುದಿಲ್ಲ. ಗುದ್ದಿದ ಕಡೆ ಸದ್ದನ್ನು ಸ್ವಲ್ಪ ಮುಂಚೆ ಬರುವಂತೆ ತಿದ್ದುತ್ತಾರೆ. "ನಾನು ಗುದ್ದಿದಷ್ಟೂ ಅವಳು ಗುದ್ದೋದು ತಪ್ಪುತ್ತೆ." ಈ ಆಟ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಎಲ್ಲೆಲ್ಲಿಯದೋ ಊರಿನ ಕಣ್ಣು ಕಾಣದವರು ಆಡುತ್ತಾರೆ. ಅವರಿಗೆ ಗೊತ್ತಿರುವ ಇವರ ಹೆಸರು ಬರೀ 'ಸ್ಪ್ಯಾನರ್'.

ಹೋದ ಭಾನುವಾರ ಕೈಕಾಲು ಹಿಡಿದು ಅಕ್ಕನನ್ನು ಮತ್ತೆ ಕೂರಿಸಿದರು. ಇಬ್ಬರಿಗೂ ಹೊಸ ರಸ್ತೆ, ಇಬ್ಬರ ಕಣ್ಣೂ ಕತ್ತಲೆ. ಅಕ್ಕ ತೆವಳುತ್ತ, ಉಜ್ಜಿಕೊಳ್ಳುತ್ತ ಕೊನೆ ಮುಟ್ಟಿದರು. ತಮ್ಮ ಅರ್ಧದಲ್ಲೇ ಗೋಡೆ ಸೇರಿದ್ದರು. ಗೆದ್ದೆನೆಂದು ತಿಳಿದರೂ ಅಕ್ಕ ಹೆಡ್‌ಫೋನ್ ಕಿತ್ತಿಟ್ಟು ಕೋಣೆಗೆ ಹೋದರು.

"ಬೇಕಂತ ಸೋತೆ ಅಂದ್ಕೊಂಡಿದಾಳೆ. ನಿಜವಾಗ್ಲೂ ಸೋತೆ ಅಂತ ನಂಬಿದ್ರೆ ಸಾಕು, ನಂಗೆ ಬೇರೇನೂ ಬೇಡ," ಎನ್ನುತ್ತಾ ಇವತ್ತಿನ ಆಟ ಮುಗಿಸಿ ಟವೆಲ್ ಬಿಚ್ಚುತ್ತಾರೆ.

ಬಾಗಿಲಲ್ಲಿ ಚೌಕಟ್ಟು ಹಿಡಿದು ಅಕ್ಕ ನಿಂತಿದ್ದಾರೆ. "ನಂಬಲ್ಲ ಕಣೋ ಕತ್ತೆ. ಸರಿ ಅತ್ಲಾಗೆ, ಇನ್ನೊಂದು ಆಟ ಹಾಕು."