ಅವ್ವನ ಸಿನಿಮಾ, ರೇಣಕ್ಕನ ಮಾತು

ಹೋದ ಭಾನುವಾರ ನನಗೆ ಡ್ಯೂಟಿ ಇರಲಿಲ್ಲ. ಹೆಂಡತಿ ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದಳು. ಹುರಿದ ಶೇಂಗಾದ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೋ ಏನೋ, ನನಗಂತೂ ಎದುರಿಗೆ ಬಿಳಿ ಪರದೆ ಬಂದು ನಿಲ್ಲುತ್ತದೆ. ಅಕ್ಕಿಆಲೂರಿನ ನಮ್ಮ ಹಳೆಯ ಸಿನಿಮಾ ಟೆಂಟಿನಲ್ಲಿ ನೆಲವೇ ಕಾಣದಷ್ಟು ಶೇಂಗಾ ಸಿಪ್ಪೆ ಬಿದ್ದಿರುತ್ತಿತ್ತು. ನೆಲದ ಟಿಕೀಟಿನವರು ಮುಂದೆ, ಕುರ್ಚಿಯವರು ಹಿಂದೆ. ಬಡವರನ್ನು ಮುಂದೆ ಕೂರಿಸಿ ಉಳ್ಳವರನ್ನು ಹಿಂದೆ ಕೂರಿಸುವ ಜಾಗ ನಾನು ಮತ್ತೆಲ್ಲೂ ನೋಡಿಲ್ಲ. ಹಾಗಾಗಿ ನಾವು ಹೀರೋನ ಮುಖಕ್ಕೆ ಬಹಳ ಹತ್ತಿರ ಇರುತ್ತಿದ್ದೆವು, ಎಷ್ಟು ಹತ್ತಿರ ಎಂದರೆ ಒಮ್ಮೆಗೆ ಅವನ ಒಂದು ಕಣ್ಣನ್ನೋ ಮೂಗನ್ನೋ ನೋಡಬೇಕಾಗುತ್ತಿತ್ತು.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಇವುಗಳ ನಡುವೆ ಓಡಾಡುತ್ತಲೇ ನನ್ನ ಸರ್ವೀಸು ಮುಗಿಯುತ್ತ ಬಂದಿದೆ. ಈ ಊರುಗಳನ್ನು ಜನ ಗುಡಿಯಿಂದ, ಪೇಟೆಯಿಂದ ನೆನಪಿಟ್ಟುಕೊಳ್ಳುತ್ತಾರೆ. ನಾನು ಸಿನಿಮಾದಿಂದ ನೆನಪಿಟ್ಟುಕೊಂಡವನು. ಹಿರೇಕೆರೂರಿನಲ್ಲಿ ದೆವ್ವದ ಸಿನಿಮಾ ನೋಡಿ ಒಂದು ವಾರ ಒಬ್ಬನೇ ಹಿತ್ತಲಿಗೆ ಹೋಗಿರಲಿಲ್ಲ. ಸವಣೂರಿನಲ್ಲಿ ಒಳ್ಳೆಯ ಹಾಡು ಬಂದರೆ ಜನ ಬಿಡುತ್ತಿರಲಿಲ್ಲ, ‘ಔರ್ ಏಕ್ ಬಾರ್’ ಎಂದು ಕೂಗಿ ರೀಲು ಹಿಂದಕ್ಕೆ ಸುತ್ತಿಸುತ್ತಿದ್ದರು. ಒಂದು ಕಾಲಕ್ಕೆ ನಾನೂ ಹೀರೋನ ಹಾಗೆ ಕಿವಿ ಮುಚ್ಚುವಂತೆ ಕೂದಲು ಬಿಟ್ಟಿದ್ದೆ. ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪ ಒಂದು ದಿನ ಊಟಕ್ಕೆ ಕೂತಾಗ ನನ್ನನ್ನು ಬಹಳ ಹೊತ್ತು ನೋಡಿ, “ಅದರಾಗ ಏನರ ಸಾಕೀಯೇನೋ?” ಎಂದು ಕೇಳಿದ. ಮರುದಿನವೇ ಹೋಗಿ ಕಟಿಂಗ್ ಮಾಡಿಸಿಕೊಂಡು ಬಂದೆ.

ಈ ಹುಚ್ಚು ನನಗೆ ಬಂದದ್ದು ಅವ್ವನಿಂದ. ಅವ್ವ ಸಿನಿಮಾ ನೋಡುವುದು ಸಂತೆಯ ದಿನ. ಸಂತೆ ಮುಗಿಸಿ, ಕಾಯಿಪಲ್ಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕ ರೇಣುಕಾಳನ್ನು ಒಂದು ಕಡೆ ನನ್ನನ್ನು ಇನ್ನೊಂದು ಕಡೆ ಕೂರಿಸಿಕೊಂಡು ನೋಡುತ್ತಿದ್ದಳು. ಆಮೇಲೆ ವಾರಪೂರ್ತಿ ಆ ಕತೆಯನ್ನು ಗದ್ದೆಯಲ್ಲಿ ಹೇಳುತ್ತಿದ್ದಳು. ಭತ್ತದ ನಾಟಿಗೆ ಬಂದ ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದರೆ ನಡುವೆ ಅವ್ವನ ದನಿ. ನಾಯಕಿಯ ತಾಯಿ ಸಾಯುವ ಭಾಗ ಬಂದಾಗ ಇಡೀ ಸಾಲು ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿತ್ತು. ಒಮ್ಮೆ ಗಿರಣಿಯಿಂದ ಆ ದಾರಿಯಲ್ಲಿ ಬರುತ್ತಿದ್ದ ಅಪ್ಪ ಇದನ್ನು ನೋಡಿ ಗಾಬರಿಯಾಗಿ ಬದುವಿನ ಮೇಲೆ ಓಡಿ ಬಂದಿದ್ದ. “ಯಾರು ಹೋದ್ರು? ಯಾರು ಹೋದ್ರ ಹೇಳ್ರೆ!” ಎಂದು ಅವನು ಕೂಗಿದರೆ, ಅಳುತ್ತಿದ್ದವರೆಲ್ಲ ನಗುವುದಕ್ಕೆ ಶುರುಮಾಡಿದರು. ಅಪ್ಪ ಸಿಟ್ಟಿನಿಂದ ಎರಡು ದಿನ ಅವ್ವನ ಜೊತೆ ಮಾತು ಬಿಟ್ಟ. ಮೂರನೆಯ ದಿನ ತಾನೇ ಬಂದು, “ಆಮ್ಯಾಲೆ ಆ ಹುಡುಗಿ ಏನಾದ್ಲು?” ಎಂದು ಕೇಳಿದ.

ಅವ್ವನಿಗೆ ಎಲ್ಲಕ್ಕಿಂತ ಹೆಚ್ಚು ಸೇರುತ್ತಿದ್ದದ್ದು ಸಹಿಸಿಕೊಳ್ಳುವ ಹೆಂಡತಿಯ ಸಿನಿಮಾ. ಹೆಸರು ಹೇಳಿ ಉಪಯೋಗವಿಲ್ಲ, ಅಂಥವು ಆಗ ಬಹಳ ಬರುತ್ತಿದ್ದವು. ಗಂಡ ಅವಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಅವಳು ಅವನ ಫೋಟೋ ಇಟ್ಟುಕೊಂಡು ಎಲ್ಲೋ ಗುಡಿಸಲಿನಲ್ಲಿ ಇರುತ್ತಾಳೆ. ಕೊನೆಗೆ ಅವನಿಗೆ ಬುದ್ಧಿ ಬರುತ್ತದೆ, ಅವಳು ಅವನ ಕಾಲಿಗೆ ಬೀಳುತ್ತಾಳೆ, ದೀಪ ಹತ್ತುತ್ತದೆ, ಶುಭಂ. ಬುದ್ಧಿ ಬಂದವನು ಅವಳ ಕಾಲಿಗೆ ಯಾಕೆ ಬೀಳುವುದಿಲ್ಲ ಎಂದು ಆಗ ನಾವು ಯಾರೂ ಕೇಳಿದವರಲ್ಲ. ಅವ್ವನಂತೂ ಅಂಥ ಒಂದು ಸಿನಿಮಾವನ್ನು ಟೆಂಟು ಬೇರೆ ಊರಿಗೆ ಹೋದರೂ ಬಿಡದೆ, ಹಾನಗಲ್ಲಿಗೆ ಹೋಗಿ ಮತ್ತೊಮ್ಮೆ ಅತ್ತು ಬಂದಿದ್ದಳು.

ರೇಣಕ್ಕನನ್ನು ಶಿಗ್ಗಾಂವಿಗೆ ಕೊಟ್ಟರು. ಭಾವನದು ಕಬ್ಬಿಣದ ಸಾಮಾನಿನ ಅಂಗಡಿ. ಕುಡಿತವಿಲ್ಲ, ಇಸ್ಪೀಟಿಲ್ಲ, ಸೋಮವಾರ ಒಪ್ಪೊತ್ತು, ಅಂಗಡಿ ಬಿಟ್ಟರೆ ಮನೆ. ಸಿನಿಮಾದ ಕೆಟ್ಟವನನ್ನು ಗುರುತಿಸುವುದು ಸುಲಭ, ಅವನು ಕಾರಣವಿಲ್ಲದೆ ಗಹಗಹಿಸಿ ನಗುತ್ತಾನೆ. ಭಾವ ಮುಗುಳ್ನಕ್ಕದ್ದನ್ನೂ ನಾವು ನೋಡಿರಲಿಲ್ಲ. ಗಂಭೀರ ಮನುಷ್ಯ ಎಂದು ಅಪ್ಪ ಹೆಮ್ಮೆಪಟ್ಟಿದ್ದ.

ಮದುವೆಯಾದ ಕೆಲ ವರ್ಷಕ್ಕೆ ರೇಣಕ್ಕ ಒಂದು ಮಧ್ಯಾಹ್ನ ಬ್ಯಾಗು ಹಿಡಿದುಕೊಂಡು ಒಬ್ಬಳೇ ಬಂದಳು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಮೊದಲು ನಮ್ಮ ಗಮನಕ್ಕೆ ಬಂದದ್ದು ಬೇರೆಯೇ ಒಂದು ಸಂಗತಿ. “ರೇಣಕ್ಕಾ” ಎಂದು ಕರೆದರೆ ಅವಳು ತಕ್ಷಣ ಓಗೊಡುತ್ತಿರಲಿಲ್ಲ. ಮೊದಲು ಹಿಂದೆ ತಿರುಗಿ ನೋಡುತ್ತಿದ್ದಳು, ಅಲ್ಲಿ ಬೇರೆ ಯಾರೋ ಇರಬೇಕು ಎನ್ನುವ ಹಾಗೆ. ಅವ್ವ ನಾಲ್ಕು ದಿನ ಸುಮ್ಮನೆ ನೋಡಿದಳು. ಐದನೆಯ ದಿನ ಹಿತ್ತಲಲ್ಲಿ ಅವಳ ತಲೆಗೆ ಎಣ್ಣೆ ಹಚ್ಚುತ್ತ ಕೂತಾಗ ಮಾತು ಹೊರಗೆ ಬಂತು. ನಾನು ಬಾಗಿಲಲ್ಲೇ ಇದ್ದೆ.

“ಅವರು ನನ್ನ ಕೂಡ ಮಾತಾಡೂದಿಲ್ಲವ್ವ.”

“ಸಿಟ್ಟು ಮಾಡ್ಯಾರೇನು?”

“ಸಿಟ್ಟಲ್ಲ. ಮಾತಾಡೂದಿಲ್ಲ. ಎರಡು ವರ್ಷ ಆತು.”

ಆದದ್ದು ಇಷ್ಟು. ಓಣಿಯ ಹೆಂಗಸರೆಲ್ಲ ಮ್ಯಾಟನಿಗೆ ಹೊರಟಾಗ ರೇಣಕ್ಕ ಅತ್ತೆಯನ್ನು ಕೇಳಿ, ಗಂಡನನ್ನು ಕೇಳದೆ ಹೋಗಿದ್ದಳು. ಸಂಜೆ ಅವನು ಬಂದ, ಗೊತ್ತಾಯಿತು, ಊಟ ಮಾಡಿದ, ಮಲಗಿದ. ಬೈಯಲಿಲ್ಲ, ಕೈ ಎತ್ತಲಿಲ್ಲ. ಅವತ್ತು ನಿಂತ ಮಾತು ಮತ್ತೆ ಬರಲಿಲ್ಲ. ಚಹಾ ಬೇಕಾದರೆ ತಾಯಿಗೆ ಹೇಳುತ್ತಿದ್ದ, ತಾಯಿ ಇಲ್ಲದಾಗ ಗೋಡೆಗೆ ಹೇಳುತ್ತಿದ್ದ. ರೇಣಕ್ಕ ತಪ್ಪಾಯಿತು ಅಂದಳು, ಅತ್ತಳು, ತಾನೂ ಮಾತು ಬಿಟ್ಟು ನೋಡಿದಳು. ಒಮ್ಮೆ ಜ್ವರ ಬಂದು ಮಲಗಿದ್ದಾಗ ಅವನು ಗುಳಿಗೆ ತಂದು ತಲೆದಿಂಬಿನ ಹತ್ತಿರ ಇಟ್ಟನಂತೆ, ಹೇಗಿದ್ದೀ ಎಂದು ಮಾತ್ರ ಕೇಳಲಿಲ್ಲವಂತೆ. “ಗುಳಿಗಿ ತಂದಿಟ್ಟಾಗ ಭಾಳ ಆಸೆ ಆತವ್ವ, ಈಗರ ಮಾತಾಡ್ತಾರ ಅಂತ” ಎಂದಳು. ಅವ್ವನ ಕೈ ಅವಳ ಕೂದಲಲ್ಲೇ ನಿಂತಿತು.

ನನ್ನೊಳಗೆ ಇದ್ದಬದ್ದ ಹೀರೋಗಳೆಲ್ಲ ಎದ್ದು ಕೂತರು. ಅಂಗಿಯ ತೋಳು ಮಡಚಿಕೊಂಡು, “ಈಗಿಂದೀಗ ಶಿಗ್ಗಾಂವಿಗೆ ಹೊಂಟೆ” ಎಂದೆ. ಅವ್ವ, “ಹೋಗಿ ಏನ್ ಮಾಡ್ತಿ? ಹೊಡದು ಮಾತಾಡಸ್ತೀಯೇನು? ಹೋಗು, ದನಕ್ಕ ನೀರು ಕುಡಸು” ಎಂದಳು. ಭಾವ ನನಗಿಂತ ಗೇಣುದ್ದ ಎತ್ತರ ಇದ್ದದ್ದೂ ಆಗಲೇ ನೆನಪಾಗಿ, ನಾನು ದನಕ್ಕೆ ನೀರು ಕುಡಿಸಿದೆ.

ಮುಂದಿನ ವಾರ ಭಾವ ಕರೆದೊಯ್ಯಲು ಬಂದ. ನಮ್ಮ ದೊಡ್ಡಪ್ಪನೇ ಅವನನ್ನು ಕರೆಸಿದ್ದ. ಅಪ್ಪನ ಅಣ್ಣ, ಮನೆತನದ ಹಿರಿಯ, ಅವನ ಮಾತನ್ನು ಯಾರೂ ಮೀರುತ್ತಿರಲಿಲ್ಲ. ರೇಣಕ್ಕನ ಬ್ಯಾಗನ್ನು ಆಗಲೇ ತುಂಬಿಸಿ ಹೊಸ್ತಿಲ ಹತ್ತಿರ ಇಡಿಸಿದ್ದ. ಪಡಸಾಲೆಯಲ್ಲಿ ಭಾವ ಕಂಬಳಿಯ ಮೇಲೆ ಕೂತ. ರೇಣಕ್ಕ ನೀರು ತಂದಿಟ್ಟಳು. ಅವನು ಕುಡಿದು ತಂಬಿಗೆ ಕೆಳಗಿಟ್ಟ.

“ಹೊಡದಾನೇನು? ಇಲ್ಲ. ಕುಡಿತಾನೇನು? ಇಲ್ಲ” ದೊಡ್ಡಪ್ಪ ಶುರುಮಾಡಿದ. “ಮಾತಾಡೂದಿಲ್ಲ ಅಂತ ಯಾರರ ಮನಿ ಬಿಟ್ಟು ಬರ್ತಾರೇನವ್ವ? ಗೌರವ್ವ, ತಪ್ಪು ನಿಂದು. ಸಣ್ಣಾಕಿ ಇದ್ದಾಗಿಂದ ತೊಡಿ ಮ್ಯಾಲೆ ಕುಂದರಿಸ್ಕೊಂಡು ಸಿನಿಮಾ ತೋರಿಸಿದಿ. ಅದ ಸಿನಿಮಾ ಈಗ ಮನಿ ಮುರದೈತಿ.”

ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ದೊಡ್ಡಪ್ಪನ ಎದುರು ಅವಳು ತಲೆ ಎತ್ತಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳು ಸೆರಗು ಸರಿಪಡಿಸಿಕೊಂಡು ಪಡಸಾಲೆಗೆ ಬಂದಳು, ಭಾವನ ಎದುರಿಗೇ ಕೂತಳು.

“ಅಳಿಯಾರ, ನನ್ನ ಮಗಳು ಕೇಳದ ಹೋಗಿದ್ದು ತಪ್ಪ ಅನ್ರಿ, ಒಪ್ಪತೇನಿ. ಇವತ್ತ ಕಳಸ್ತೇನಿ. ಒಂದ ಮಾತು. ಆಕಿ ಹೆಸರು ಹಿಡದು, ‘ರೇಣುಕಾ, ನಡಿ’ ಅಂತ ಒಮ್ಮೆ ಕರೀರಿ.”

ಭಾವ ನೆಲ ನೋಡಿದ. ರೇಣಕ್ಕ ಅಲ್ಲೇ ಕಂಬದ ಹತ್ತಿರ ನಿಂತಿದ್ದಳು. ಹೊರಗೆ ಯಾರದೋ ಸೈಕಲ್ಲು ಹೋಯಿತು. ಅಪ್ಪ ಕೆಮ್ಮಿದ. ನಮಗೆಲ್ಲ ಅವನು ಕರೆದುಬಿಡಲಿ ಎಂದೇ ಇತ್ತು, ಸುಳ್ಳು ಯಾಕೆ ಹೇಳಲಿ. ಬಹಳ ಹೊತ್ತಿನ ಮೇಲೆ ಅವನು ದೊಡ್ಡಪ್ಪನ ಕಡೆ ತಿರುಗಿ, ಮೆಲ್ಲಗೆ, “ಬಸ್ಸಿನ ಟೈಮ್ ಆತು ಅಂತ ಹೇಳ್ರಿ ಆಕಿಗೆ” ಎಂದ.

ದೊಡ್ಡಪ್ಪ ಸುಧಾರಿಸಲು ನೋಡಿದ. “ಇವತ್ತಲ್ಲ ನಾಳೆ ಮಾತಾಡ್ತಾನ. ನೀ ನೋಡಿಲ್ಲೇನು ಗೌರವ್ವ ಸಿನಿಮಾದಾಗ? ಆ ಹೆಣ್ಣಮಗಳು ಎಷ್ಟು ವರ್ಷ ತಡಕೊಂಡ್ಲು. ಗದ್ದಿ ತುಂಬ ಹೇಳಿ ಅತ್ತಾಕಿ ನೀನ ಅಲ್ಲ?”

“ಹೌದ್ರಿ, ಅತ್ತೇನಿ. ಇನ್ನೊಮ್ಮೆ ಬಂದ್ರ ಇನ್ನೊಮ್ಮೆ ಅಳ್ತೇನಿ” ಎಂದಳು ಅವ್ವ. “ನೋಡಿ ಅಳೂದು ಬ್ಯಾರೆ, ಮಗಳನ್ನ ಕಳಸೂದು ಬ್ಯಾರೆ.”

ಅಪ್ಪ ಎದ್ದ. ಅವನು ಜೀವನಪೂರ್ತಿ ಅಕ್ಕಿ ಚೀಲ ಹೊತ್ತವನು. ರೇಣಕ್ಕನ ಆ ಸಣ್ಣ ಬ್ಯಾಗನ್ನು ಹೊಸ್ತಿಲಿಂದ ಎರಡೂ ಕೈಯಲ್ಲಿ ಎತ್ತಿಕೊಂಡು, ಅಣ್ಣನ ಮುಖ ನೋಡದೆ, ಒಳಗಿನ ಕೋಣೆಯಲ್ಲಿ ಇಟ್ಟು ಬಂದ.

ಊರು ಮಾತಾಡಿತು, ಮಾತಾಡದೆ ಇರುತ್ತದೆಯೇ. ಸಿನಿಮಾ ನೋಡಿ ಗಂಡನನ್ನು ಬಿಟ್ಟವಳು ಎಂಬ ಹೆಸರು ರೇಣಕ್ಕನಿಗೆ ಬಂತು. ಅವ್ವ ಅದಕ್ಕೆ ಮಾಡಿದ್ದು ಒಂದೇ. ಮುಂದಿನ ಸಂತೆಯ ದಿನ ರೇಣಕ್ಕನಿಗೆ ಒಳ್ಳೆಯ ಸೀರೆ ಉಡಿಸಿ, ಎಲ್ಲರೂ ನೋಡುವ ಹಾಗೆ ಸಂತೆಯ ನಡುವೆಯೇ ನಡೆಸಿಕೊಂಡು ಟೆಂಟಿಗೆ ಹೋದಳು. ಅದು ನಗೆಯ ಸಿನಿಮಾ. ರೇಣಕ್ಕ ಮೊದಲರ್ಧ ನಗಲಿಲ್ಲ. ಉಳಿದರ್ಧದಲ್ಲಿ ಯಾವನೋ ಸೆಗಣಿಯಲ್ಲಿ ಜಾರಿ ಬಿದ್ದಾಗ ಅವಳಿಗೆ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಪರದೆಯ ಮೇಲೆ ಎಲ್ಲರೂ ಗಂಭೀರವಾದ ಮೇಲೂ ಅವಳೊಬ್ಬಳು ನಗುತ್ತಿದ್ದಳು. ಹಿಂದಿನಿಂದ ಯಾರೋ, “ಏ, ಯಾರದು?” ಎಂದರು. ಅವ್ವ ತಿರುಗಿ, “ನನ್ನ ಮಗಳು” ಎಂದಳು.

ಮುಂದೆ ಹಿರಿಯರ ಸಮ್ಮುಖದಲ್ಲಿ ಸೋಡಚೀಟಿಯಾಗಿ ಸಂಬಂಧ ಹರಿಯಿತು. ಅವನು ಇನ್ನೊಂದು ಮದುವೆಯಾದ ಎಂದು ಕೇಳಿದೆವು. ರೇಣಕ್ಕ ಮೊದಲು ಬೇರೆಯವರ ಮನೆಗೆ ರೊಟ್ಟಿ ಬಡಿದುಕೊಟ್ಟು, ಆಮೇಲೆ ಹಾನಗಲ್ ಬಸ್‌ಸ್ಟ್ಯಾಂಡಿನ ಹಿಂದೆ ಸಣ್ಣ ಖಾನಾವಳಿ ಇಟ್ಟಳು. ಅಪ್ಪ ಹೋದ ಮೇಲೆ ಅವ್ವನೂ ಅಲ್ಲೇ ಇದ್ದಾಳೆ. ಊಟಕ್ಕಿಂತ ರೇಣಕ್ಕನ ಮಾತಿಗೇ ಬರುವ ಗಿರಾಕಿಗಳಿದ್ದಾರೆ. ನನ್ನ ಡ್ರೈವರನಂತೂ, “ನಿಮ್ಮಕ್ಕ ಬಾಯಿಬಿಟ್ರ ಬಸ್ಸ ಲೇಟ್ ನೋಡ್ರಿ” ಎನ್ನುತ್ತಾನೆ. ಸಿನಿಮಾ ನೋಡುವಾಗಲೂ ಆಕೆ ಸುಮ್ಮನಿರುವುದಿಲ್ಲ. ನಾನು ಬೈಯುವುದಿಲ್ಲ.

ಈ ಮಳೆಗಾಲದ ಮೊದಲಲ್ಲಿ ಶಿಗ್ಗಾಂವಿಯಿಂದ ಬರುವಾಗ ಭಾವ ನನ್ನ ಬಸ್ಸು ಹತ್ತಿದ. ತಲೆ ಬೆಳ್ಳಗಾಗಿತ್ತು, ನಾನು ಗುರುತು ಹಿಡಿದೆ. ನಾನು ಯಾರೆಂದು ಅವನಿಗೆ ತಿಳಿಯಿತೋ ಇಲ್ಲವೋ. ಜೊತೆಯಲ್ಲಿ ಅವನ ಎರಡನೆಯ ಹೆಂಡತಿ. ಎರಡು ಹಾನಗಲ್ ತೆಗೆದುಕೊಂಡರು. ಅವಳು ಕಿಟಕಿಯ ಹತ್ತಿರ, ಅವನು ಪಕ್ಕದಲ್ಲಿ. ಟಿಕೀಟು ಕೊಡುತ್ತ ನಾನು ಅತ್ತಿತ್ತ ಓಡಾಡಿದರೂ ಕಣ್ಣೆಲ್ಲ ಆ ಸೀಟಿನ ಮೇಲೆ. ಇಡೀ ದಾರಿ ಅವರ ನಡುವೆ ಒಂದು ಮಾತಿಲ್ಲ. ಹಾನಗಲ್ ಬಂದಾಗ ಅವನು ಇಳಿದು ತಿರುಗಿ ನೋಡದೆ ಪೇಟೆಯ ಕಡೆ ಹೋದ. ಅವಳು ಚೀಲ ಹಿಡಿದು ಇಳಿದು ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಳು, ಇದು ರೂಢಿಯೇ ಎನ್ನುವ ಹಾಗೆ.

ಖಾನಾವಳಿಗೆ ಹೋಗಿ ರೇಣಕ್ಕನಿಗೆ ಹೇಳಿದೆ. ಹೇಳಬಾರದಿತ್ತೇನೋ ಎಂದು ಆಮೇಲೆ ಅನ್ನಿಸಿತು. ಅವಳು ತವೆಯ ಮೇಲಿನ ರೊಟ್ಟಿ ತೆಗೆದಳು, ಉರಿ ಸಣ್ಣ ಮಾಡಿದಳು, ಕೈಯ ಹಿಟ್ಟು ಒರೆಸಿಕೊಂಡು ಹೊರಗೆ ಹೋದಳು. ನಾನು ಬಾಗಿಲಿಂದ ನೋಡಿದೆ. ಬೆಂಚಿನ ಎದುರು ನಿಂತು ಏನೋ ಹೇಳಿದಳು. ಆ ಹೆಂಗಸು ಸ್ವಲ್ಪ ಹೊತ್ತು ಅವಳ ಮುಖ ನೋಡಿದಳು. ಆಮೇಲೆ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಸರಿದು ಕೂತಳು, ಪಕ್ಕದಲ್ಲಿ ಜಾಗವಾಯಿತು.

ಗಿರಾಕಿಗಳು ಕೂಗಿಕೊಳ್ಳುವಷ್ಟು ಹೊತ್ತಾದ ಮೇಲೆ ರೇಣಕ್ಕ ಬಂದಳು.

“ಏನಂದಿ?”

“ನಾ ಯಾರು ಅಂತ ಮೊದ್ಲ ಹೇಳಿದೆ. ಆಮ್ಯಾಲೆ, ಹಾನಗಲ್ಲಿಗೆ ಬಂದಾಗೆಲ್ಲ ಊಟಕ್ಕ ಬಾ ಅಂದೆ.” ಮತ್ತೆ ಹಿಟ್ಟಿಗೆ ಕೈ ಹಾಕಿದಳು. “ಭಾಳ ಚೊಲೊ ಮಾತಾಡ್ತಾಳೋ ಆಕಿ.”

ಆ ಹೆಂಗಸು ಬಂದಳು. ಭಾವ ಪೇಟೆಯ ಕೆಲಸ ಮುಗಿಸುವವರೆಗೆ ಈಗ ಅವಳು ಬೆಂಚಿನ ಮೇಲೆ ಕೂರುವುದಿಲ್ಲ. ಮೊನ್ನೆ ಬುಧವಾರ ನಾನು ಊಟಕ್ಕೆ ಹೋದಾಗ ಖಾನಾವಳಿಯ ಟೀವಿಯಲ್ಲಿ ಯಾವುದೋ ಕಣ್ಣೀರಿನ ಸಿನಿಮಾ ನಡೆದಿತ್ತು. ಅವ್ವ, ರೇಣಕ್ಕ, ಆ ಹೆಂಗಸು, ಮೂವರೂ ಅದರ ಎದುರು ಕೂತು ಒಮ್ಮೆಲೇ ಮಾತಾಡುತ್ತಿದ್ದರು. ಪರದೆಯ ಮೇಲೆ ನಾಯಕ ಏನು ಹೇಳಿದನೋ ಒಂದೂ ಕೇಳಿಸಲಿಲ್ಲ. ನಾನು ರೊಟ್ಟಿ ಬೇಕೆಂದು ಎರಡು ಸಲ ಕೂಗಿದೆ. ಅದೂ ಯಾರಿಗೂ ಕೇಳಿಸಲಿಲ್ಲ. ಒಳಗೆ ಹೋಗಿ ನಾನೇ ಬಡಿಸಿಕೊಂಡೆ.